ಜೈಲಿನ ಹರಕು ದುಪ್ಪಟಿಯ ಮೇಲೆ ಅಜ್ಜಿಯ ಜಿಂಕೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಂದು ಕಾಲದಲ್ಲಿ ಟೈರ್ ಅಂಗಡಿಯಾಗಿದ್ದ ಮಳಿಗೆಯ ಶಟರ್ ಅರ್ಧ ಎತ್ತಿದೆ. ಒಳಗೆ ಐವತ್ತೆರಡರ ಹೆಂಗಸೊಬ್ಬರು ಮಂಡಿಯೂರಿ ಕಲ್ಲಿನ ಮೇಲೆ ಕೆಂಪು ಮಣ್ಣು ಅರೆಯುತ್ತಿದ್ದಾರೆ. ಅರೆದದ್ದನ್ನು ಬೆರಳಲ್ಲಿ ಉಜ್ಜಿ ನೋಡಿ, "ಇನ್ನೂ ತರಿತರಿ ಇದೆ" ಎಂದು ಮತ್ತೆ ಗುಂಡುಕಲ್ಲು ಹಿಡಿಯುತ್ತಾರೆ. ಮೊಣಕೈವರೆಗೂ ಕೆಂಪೋ ಕೆಂಪು. ಎಲ್ಲರ ಬಾಯಲ್ಲೂ ಇವರು ಕೆಮ್ಮಣ್ಣಕ್ಕ. ಎಂಟು ಗಂಟೆಗೆ ಜೈಲಿನ ಗೇಟಿನಲ್ಲಿರಬೇಕು. ಅಲ್ಲಿ ಹನ್ನೊಂದು ಮಂದಿ ಕೈದಿ ಹೆಂಗಸರು ಇವರ ಚಿತ್ರಪಾಠಕ್ಕೆ ಕಾಯುತ್ತಿರುತ್ತಾರೆ.

"ಆರು ವರ್ಷ ಹೊರಗೆ ಬರೋಕೆ ಕಾದೆ. ಈಗ ನೋಡಿ, ಒಳಗೆ ಬಿಡ್ರಪ್ಪಾ ಅಂತ ಕಾಯ್ತೀನಿ," ಎಂದು ನಗುತ್ತಾರೆ.

ಕೆಮ್ಮಣ್ಣಕ್ಕ ಕಾಡಂಚಿನ ಮೂಲನಿವಾಸಿಗಳ ಹಟ್ಟಿಯಲ್ಲಿ ಹುಟ್ಟಿದವರು. ಬೇಲಿ ಹಾಕಿ ಮುಚ್ಚಿದ್ದ ಕಾಡಿನೊಳಗೆ ಸೌದೆ ಆಯುವಾಗ, ಹೊರೆ ಕಿತ್ತುಕೊಳ್ಳಲು ಬಂದ ಕಾವಲುಗಾರನನ್ನು ತಳ್ಳಿದರು. ಆತ ಬಂಡೆಯ ಮೇಲೆ ಬಿದ್ದು ಸೊಂಟ ಮುರಿದುಕೊಂಡ. ಇವರಿಗೆ ಆರು ವರ್ಷ ಜೈಲಾಯಿತು.

"ತಳ್ಳಿದ್ದು ನಿಜ, ಇಲ್ಲ ಅನ್ನಲ್ಲ. ಆದ್ರೆ ಯಾಕೆ ತಳ್ದೆ ಅಂತ ಹೇಳೋಕೆ ಕೋರ್ಟಿನ ಭಾಷೆ ನನಗೆ ಬರ್ಲಿಲ್ಲ." ಹಟ್ಟಿಯ ನುಡಿಯೇ ಬೇರೆ; ಈಗ ಆಡುವ ಈ ಕನ್ನಡವನ್ನು ಅವರು ಕಲಿತದ್ದು ಜೈಲಿನಲ್ಲೇ.

ಅಲ್ಲಿ ಬಟ್ಟೆ ಒಗೆಯುವ ಕೆಲಸ. ಎರಡನೆಯ ವರ್ಷ ಅಜ್ಜಿ ತೀರಿಕೊಂಡರು. ಸುದ್ದಿ ತಲುಪಿದ್ದು ಹದಿನೈದು ದಿನ ತಡವಾಗಿ. ಆ ಮಧ್ಯಾಹ್ನ ಇಟ್ಟಿಗೆ ಚೂರನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಒಗೆದ ದುಪ್ಪಟಿಯ ಮೇಲೆ ಬೆರಳಲ್ಲೇ ಜಿಂಕೆಗಳನ್ನು ಬರೆದರು. ಅಜ್ಜಿ ಗುಡಿಸಲ ಗೋಡೆಗೆ ಬರೆಯುತ್ತಿದ್ದ ಜಿಂಕೆಗಳವು. ಜೈಲಿನ ಸೊತ್ತು ಕೆಡಿಸಿದರೆ ತಿಂಗಳು ಪೂರ್ತಿ ಒಂಟಿ ಕೋಣೆ. ತಲೆ ಎತ್ತಿದರೆ ಬಾಗಿಲಲ್ಲಿ ಮೇಲ್ವಿಚಾರಕಿ!

"ಏನಿದು ಅಂದ್ರು. ನಮ್ಮಜ್ಜಿ ಅಂದೆ. ನೋಡಿ ಹೊರಟೋದ್ರು. ಮಾರನೇ ದಿನ ನಾಲ್ಕು ಹರಕು ದುಪ್ಪಟಿ ತಂದು ನನ್ನ ಮುಂದೆ ಹಾಕಿ, 'ಒಳ್ಳೇದಕ್ಕೆ ಕೈ ಹಾಕ್ಬೇಡ ತಾಯಿ, ಇದರ ಮೇಲೆ ಬರಿ' ಅಂದ್ರು. ಬರೆದಿದ್ದ ದುಪ್ಪಟಿನ 'ಹರಿದಿದೆ' ಅಂತ ಪಟ್ಟಿಗೆ ಸೇರಿಸಿದ್ರಂತೆ. ಆ ಪುಣ್ಯಾತ್ಗಿತ್ತಿ ಋಣ ಯಾವ ಜನ್ಮಕ್ಕೆ ತೀರುತ್ತೋ!"

ಬಿಡುಗಡೆಯಾದ ಮೇಲೆ ಪೇಟೆಯ ಗ್ರಂಥಾಲಯದಲ್ಲಿ ಮೊದಲ ಪ್ರದರ್ಶನ ಏರ್ಪಡಿಸಿದ್ದೂ ಆ ಮೇಲ್ವಿಚಾರಕಿಯೇ. ಆರು ವರ್ಷದಲ್ಲಿ ಒಮ್ಮೆಯೂ ಮಗಳ ಮುಖ ನೋಡಲು ಬಾರದಿದ್ದ ತಾಯಿ ಅಂದು ಬಂದರು. ಮೂರನೆಯ ಬಟ್ಟೆಯ ಮುಂದೆ ನಿಂತವರು ಕದಲಲಿಲ್ಲ.

"ಕತ್ತು ತಪ್ಪು," ಎಂದರು. "ಮರಿ ಇರೋ ಜಿಂಕೆ ಹಿಂದೆ ತಿರುಗಿ ನೋಡ್ಬೇಕು. ಅಷ್ಟೂ ಮರೆತ್ಯಾ?"

ಮಗಳು ಕುಂಚ ಕೊಟ್ಟರು. ಬಂದವರೆಲ್ಲ ನೋಡುತ್ತಿದ್ದಂತೆ ತಾಯಿ ಜಿಂಕೆಯ ಕತ್ತು ತಿದ್ದಿದರು. ಆಮೇಲೆ ಇಬ್ಬರೂ ಅಲ್ಲೇ ಕುಳಿತು ಅತ್ತರು. "ಬೈಸ್ಕೊಂಡು ಅಷ್ಟು ಖುಷಿಪಟ್ಟಿದ್ದು ಅವತ್ತೇ," ಎನ್ನುತ್ತಾರೆ ಕೆಮ್ಮಣ್ಣಕ್ಕ.

ಅದಾಗಿ ಹದಿಮೂರು ವರ್ಷ. ವಾರಕ್ಕೆರಡು ದಿನ ಜೈಲಿನ ಪಾಠ ತಪ್ಪಿಲ್ಲ. ಅರವತ್ತನಾಲ್ಕು ಹೆಂಗಸರು ಕಲಿತಿದ್ದಾರೆ. ಬಹುಪಾಲು ಹಟ್ಟಿಗಳ ಕಡೆಯವರೇ. ಹೊರಬಂದ ಒಂಬತ್ತು ಮಂದಿ ಈ ಟೈರ್ ಅಂಗಡಿಯಲ್ಲೇ ಬರೆಯುತ್ತಾರೆ. ಒಂದು ಬಟ್ಟೆಗೆ ಹನ್ನೆರಡು ದಿನ ಹಿಡಿಯುತ್ತದೆ. ಮೂಲೆಯಲ್ಲಿ ಬರೆದವಳ ಹೆಸರಿರಲೇಬೇಕು. "ಅಲ್ಲಿ ನಂಬರ್ ಕೂಗ್ತಿದ್ರು. ಇಲ್ಲಿ ಹೆಸರು ಹಾಕ್ದೆ ಬಿಡಲ್ಲ."

ಇನ್ನೇನು ಆಸೆ ಎಂದರೆ ಗುಂಡುಕಲ್ಲು ಬದಿಗಿಡುತ್ತಾರೆ.

"ಜೈಲಿನ ಭೇಟಿ ಕೋಣೆ ಗೋಡೆ ಬೋಳು ಬೋಳು. ಅಮ್ಮನ್ನ ನೋಡೋಕೆ ಬಂದ ಮಕ್ಕಳು ಅದನ್ನೇ ನೋಡ್ತಾ ಕೂತಿರ್ತಾವೆ. ಆ ಒಂದು ಗೋಡೆ ಕೊಟ್ರೆ ಸಾಕು. ಅರ್ಜಿ ಕೊಟ್ಟಿದ್ದೀನಿ. ಬಣ್ಣ ನಮ್ದೇ, ಕೈನೂ ನಮ್ದೇ. ಏಣಿ ಮಾತ್ರ ಅವರೇ ಕೊಡ್ಲಿ. ನಾನು ಏಣಿ ಹೊತ್ಕೊಂಡು ಜೈಲಿಗೆ ಹೋದ್ರೆ ಒಳಗೆ ಬಿಡ್ತಾರಾ?"