ಬೋಣಿಗೆ ಹೋದ ಹನ್ನೊಂದು ನಿಮಿಷ

ನಂಜನಗೂಡಿನ ಪೇಟೆ ಬೀದಿಯಲ್ಲಿ ನನ್ನದೊಂದು ಚಪ್ಪಲಿ ಅಂಗಡಿ. ಇಪ್ಪತ್ತೆಂಟು ವರ್ಷದಿಂದ ಜನರ ಮುಖಕ್ಕಿಂತ ಪಾದವನ್ನೇ ಹೆಚ್ಚು ನೋಡಿದ್ದೇನೆ. ಮುಖ ಸುಳ್ಳು ಹೇಳಬಹುದು, ಹಿಮ್ಮಡಿ ಹೇಳುವುದಿಲ್ಲ. ಚೆಲುವಯ್ಯನ ಹಿಮ್ಮಡಿ ನೋಡಿದಾಗಲೇ ಇವನು ಕೂತು ಉಣ್ಣುವ ಆಸಾಮಿಯಲ್ಲ ಅಂತ ಗೊತ್ತಾಯಿತು.

ಟಿ. ನರಸೀಪುರದ ಕಡೆ ಅವನು ನೀರುಗಂಟಿ. ನಾಲೆ ಏರಿಯ ಮೇಲೆ ತೂಬಿನಿಂದ ತೂಬಿಗೆ ಹೋಗಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಕೆಲಸ. ಈ ತೂಬಿನ ಜಗಳ ಬಿಡಿಸುವಷ್ಟರಲ್ಲಿ ಆ ತೂಬಿನ ಹಲಗೆಯನ್ನು ಯಾರೋ ಎತ್ತಿರುತ್ತಾರೆ. ಹಾಗಾಗಿ ನಡೆಯುವುದು ಬಿಟ್ಟು ಓಡತೊಡಗಿದ. ಓಡಿ ಓಡಿ ಅದೇ ಚಟವಾಯಿತು. ಮೊದಮೊದಲು ಅವನು ಓಡುವುದು ಕಂಡು ಏರಿ ಒಡೆದಿದೆ ಅಂತ ಊರವರು ಗುದ್ದಲಿ ಹಿಡಿದು ಹಿಂದೆಯೇ ಓಡಿದ್ದರಂತೆ.

ನಲವತ್ತಾರನೇ ವಯಸ್ಸಿಗೆ, ಮಗಳು ಮಾನಸ ಮೊಬೈಲಿನಲ್ಲಿ ಏನೋ ಒತ್ತಿ, ಕೊಡಗಿನ ಕಡೆಯ ಒಂದು ಬೆಟ್ಟದ ಓಟಕ್ಕೆ ಅಪ್ಪನ ಹೆಸರು ಸೇರಿಸಿದಳು. ಮೂವತ್ತು ಕಿಲೋಮೀಟರು, ಎಂಟು ಗಂಟೆ. ಅಷ್ಟರೊಳಗೆ ಮುಗಿಸಿದರೆ ಪದಕ, ಇಲ್ಲದಿದ್ದರೆ ಏನೂ ಇಲ್ಲ.

"ಇಪ್ಪತ್ತೊರ್ಸದಿಂದ ನೀರು ಬಿಡ್ತೀವ್ನಿ ಯಜಮಾನ್ರೇ. ಟೇಮಿಗೆ ಸರ್ಯಾಗಿ ಬಂದ ಅಂತ ಒಬ್ನೂ ಅಂದಿಲ್ಲ. ಇದೊಂದ್ರಲ್ಲಾದ್ರೂ ಅನ್ನುಸ್ಕಬೇಕು" ಅಂದ.

ಅವನು ಇದನ್ನು ಹೇಳಿದ್ದು ನಾನು ಆಗತಾನೇ ಊದಿನಕಡ್ಡಿ ಹಚ್ಚಿ ಕೂತಿದ್ದಾಗ. ಅಂದಿನ ಮೊದಲ ಗಿರಾಕಿ ಅವನೇ. ಬೋಣಿ ಗಿರಾಕಿ ಬರಿಗೈಲಿ ಇಳಿದರೆ ಇಡೀ ದಿನ ಅಂಗಡಿ ನೊಣ ಹೊಡೆಯುತ್ತದೆ ಅನ್ನುವುದು ನಮ್ಮಪ್ಪನ ಕಾಲದ ನಂಬಿಕೆ. ಅವನ ಕಾಲು ಹತ್ತನೇ ನಂಬರು. ಹೊಸ ಮಾಲಿನಲ್ಲಿ ಹತ್ತು ಇರಲಿಲ್ಲ. ಅಟ್ಟದ ಮೇಲೆ ಮಾತ್ರ ಕೊರೊನಾಕ್ಕೆ ಮುಂಚೆ ತಂದ ಓಟದ ಬೂಟಿನ ಒಂದು ನೀಲಿ ಜೋಡಿ ಇತ್ತು.

ಡಬ್ಬದಲ್ಲಿ ವರ್ಷಗಟ್ಟಲೆ ಕೂತ ಬೂಟಿನ ಅಂಟು ಒಣಗಿರುತ್ತದೆ. ನೋಡಲು ಹೊಸದು, ನೆನೆದ ದಿನ ಬಾಯಿ ಬಿಡುತ್ತದೆ. ನನ್ನ ಹೆಸರು ಗೊತ್ತಿರುವಷ್ಟೇ ಚೆನ್ನಾಗಿ ಇದೂ ನನಗೆ ಗೊತ್ತು. ಧೂಳು ಒರೆಸಿ ಅವನ ಮುಂದಿಟ್ಟೆ.

"ನಿನಗೋಸ್ಕರಾನೇ ಕಾಯ್ತಿತ್ತು ಕಣಯ್ಯ." ಪಾಪ, ಆರು ವರ್ಷದಿಂದ ಕಾಯುತ್ತಿದ್ದದ್ದು ನಿಜವೇ.

"ಬೆಟ್ಟ ತಡೀತದಾ?"

"ಬೆಟ್ಟ ಸವೆಯಬೇಕು, ಇದು ಸವೆಯಲ್ಲ."

ಅವನು ಕೊಟ್ಟ ನೋಟನ್ನು ಕಣ್ಣಿಗೆ ಒತ್ತಿಕೊಂಡೆ. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಚಂಪಕ ಅಟ್ಟದ ಕಡೆ ಒಮ್ಮೆ ನೋಡಿ, ಹೂ ಕಟ್ಟುವುದನ್ನು ಮುಂದುವರಿಸಿದಳು.

ಓಟ ಮುಗಿದ ಮೂರನೇ ದಿನ ಚೆಲುವಯ್ಯ ಕುಂಟುತ್ತಾ ಬಂದ. ಎಡಗಾಲಿಗೆ ಪಟ್ಟಿ, ಕೈಯಲ್ಲಿ ಬಟ್ಟೆಯ ಚೀಲ. ಚೀಲದಿಂದ ಬೂಟು ತೆಗೆದ. ಎಡಗಡೆಯದರ ಸುತ್ತ ಬಾಳೆನಾರು ಬಿಗಿದಿತ್ತು, ಬಾಳೆಲೆಯಲ್ಲಿ ಹೂವಿನ ಪೊಟ್ಟಣ ಕಟ್ಟಿದ ಹಾಗೆ.

"ಅದ್ನೆಂಟು ಕಿಲೋಮೀಟ್ರು ಗಂಟ ನಾನೇ ಮುಂದೆ ಯಜಮಾನ್ರೇ. ಮೈಸೂರಿನ ಹುಡುಗ್ರೆಲ್ಲ ಇಂದೆ. ಒಂದು ಅಳ್ಳ ದಾಟ್ದೊ ನೋಡಿ, ಆಚೆ ಏರು ಹತ್ತಾಗ ಇದು ಕಪ್ಪೆ ಬಾಯ್ ಬುಟ್ಟಂಗೆ ಬುಡ್ತು."

ಬರಿಗಾಲಲ್ಲಿ ಸ್ವಲ್ಪ ದೂರ ಓಡಿದನಂತೆ. ಕಲ್ಲು ಚೂಪು, ಪಾದ ಸೀಳಿತು. ಹಿಂದಿನಿಂದ ಬಂದ ಕಿರಣ್ ಅನ್ನುವ ಇಂಜಿನಿಯರು, "ಅಂಕಲ್, ಸಾಕು ಬಿಡಿ, ಜೀಪ್ ಬರುತ್ತೆ" ಅಂದನಂತೆ.

"ಜೀಪಲ್ಲಿ ಕೂರಾಕೆ ನರಸೀಪುರದಿಂದ ಇಲ್ಗಂಟ ಬರಬೇಕಿತ್ತಾ ಅಂದೆ. ಅಲ್ಲೇ ಕಾಡುಬಾಳೆ ಇತ್ತು. ನಾರು ಸೀಳಿ ಕಟ್ಕಂಡೆ. ಅದು ಸವೆದು ಕಿತ್ತೋಗದು, ಕೂತ್ಕಂಡು ಕಟ್ಟದು, ತಿರುಗಾ ಓಡದು. ಒಂಬತ್ತು ಸಲ ಕಟ್ಟಿವ್ನಿ."

"ಮುಗಿಸಿದ್ಯಾ?"

"ಮುಗಿಸ್ದೆ. ಎಂಟು ಗಂಟೆ ಅನ್ನೊಂದು ನಿಮ್ಸ. ನಾನು ಬರೋವೊತ್ಗೆ ಓಟ ಮುಗಿಯೋ ತಾವ ನಿಲ್ಸಿದ್ದ ರಬ್ಬರ್ ಕಮಾನಿನ ಗಾಳಿ ಬುಟ್ಟು ಮಡುಸ್ತಾ ಇದ್ರು. ಪದಕ ಇಲ್ಲ, ತಗಳಿ ಅಂತ ಬಾಳೆಹಣ್ಣು ಕೊಟ್ರು. ನಮ್ ಸೀಮೆಯೋನ್ಗೆ ಬಾಳೆಹಣ್ಣು!" ಅಂತ ನಕ್ಕ.

ನಾನೂ ನಕ್ಕೆ. ಒಂದು ಸಲ ನಾರು ಕಟ್ಟಲು ಒಂದೂವರೆ ನಿಮಿಷ ಹಿಡಿದು, ಒಂಬತ್ತು ಸಲಕ್ಕೆ ಹದಿಮೂರೂವರೆ ಅಂತ ಮನಸ್ಸೇ ಗುಣಿಸಿಬಿಟ್ಟಿತು. ವ್ಯಾಪಾರದವನ ಹಣೆಬರಹ.

ಅವನು ಅಷ್ಟಕ್ಕೇ ನಿಲ್ಲಿಸಿದ್ದರೆ ಹೇಗೋ ತಪ್ಪಿಸಿಕೊಳ್ಳುತ್ತಿದ್ದೆ. "ತಪ್ಪು ನಂದೇ ಯಜಮಾನ್ರೇ. ನಾಲೆ ನೀರಲ್ಲಿ ಸೋಪಾಕಿ ಉಜ್ಜಿ ಬಿಸ್ಲಿಗಿಟ್ಟಿದ್ದೆ. ಅಷ್ಟು ಒಳ್ಳೆ ಮಾಲು ಕೆಡುಸ್ಬುಟ್ಟೆ. ನೀವು ಬೋಣಿ ಮಾಡಿ ಕೊಟ್ಟಿದ್ರಿ, ಬೇಜಾರು ಮಾಡ್ಕಬೇಡಿ" ಅಂದ.

ಅಂದೂ ಮೂಲೆಯ ಸ್ಟೂಲಿನಲ್ಲಿದ್ದ ಚಂಪಕ ಕಟ್ಟುತ್ತಿದ್ದ ಹೂ ಕೆಳಗಿಟ್ಟಳು.

"ಹೊಸ ಜೋಡಿ ತರಿಸ್ತೀನಿ, ದುಡ್ಡು ಬೇಡ" ಅಂದೆ. ಅಲ್ಲೂ ಅಗ್ಗದ ದಾರಿ ಹುಡುಕಿದ್ದೆ.

"ನನ್ ತಪ್ಪಿಗೆ ನೀವ್ಯಾಕೆ ಕೊಟ್ಟೀರಿ?"

"ಅವರೇ ಕೊಡಲಿ ಬಿಡಿ ಚೆಲುವಯ್ಯ" ಅಂದಳು ಚಂಪಕ. "ಯಾಕೆ ಅಂತ ಅವರೇ ಹೇಳ್ತಾರೆ."

ಹೇಳಿದೆ. ಅಟ್ಟ, ಆರು ವರ್ಷ, ಒಣಗಿದ ಅಂಟು, ಬೋಣಿ, ಎಲ್ಲ. ಚೆಲುವಯ್ಯ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಿತ್ತು. ಬೂಟಿನ ನಾರಿನ ಗಂಟನ್ನು ಒಮ್ಮೆ ಮುಟ್ಟಿ ನೋಡಿದ.

"ಅನ್ನೊಂದೇ ನಿಮ್ಸ ಯಜಮಾನ್ರೇ" ಅಂದು, ಚೀಲ ಮಡಚಿಕೊಂಡು ಮೆಟ್ಟಿಲಿಳಿದ. ಬೂಟು ಅಲ್ಲೇ ಉಳಿಯಿತು. ಎಸೆಯಲು ಕೈ ಬರಲಿಲ್ಲ. ಗಲ್ಲಾದ ಪಕ್ಕದಲ್ಲೇ ಇಟ್ಟಿದ್ದೇನೆ. ಮಾರಾಟಕ್ಕಾ ಅಂತ ಇಬ್ಬರು ಕೇಳಿದರು.

ಹತ್ತು ತಿಂಗಳು ಅವನ ಸುಳಿವಿರಲಿಲ್ಲ. ಮೊನ್ನೆ ಬೆಳಿಗ್ಗೆ ಬಾಗಿಲೆತ್ತಿ ನೋಡಿದರೆ, ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಚೆಲುವಯ್ಯ. ಕೈಬೀಸಿ ಕರೆದೆ. ಬರಲಿಲ್ಲ. ಅರ್ಧ ಗಂಟೆ ಕೂತ. ಒಬ್ಬ ಹೆಂಗಸು ಬಂದು ಹವಾಯಿ ಚಪ್ಪಲಿ ಕೊಂಡು ಹೋದಳು. ಅವಳು ಬೀದಿ ತಿರುಗಿದ ಮೇಲೆ ಅವನು ಎದ್ದು ಬಂದ.

"ಬೋಣಿ ಆಯ್ತಲ್ಲ?"

"ಆಯ್ತು."

"ಈಗ ಯೋಳಿ. ಮುಂದಿನ್ ತಿಂಗ್ಳು ಅದೇ ಬೆಟ್ಟ. ಹತ್ತನೇ ನಂಬರು. ನಿಮ್ಮಂಗಡೀಲಿ ಬೆಟ್ಟ ತಡೆಯಂತದು ಐತಾ?"

ಗೂಡುಗಳನ್ನೆಲ್ಲ ಒಮ್ಮೆ ನೋಡಿದೆ. ಹತ್ತನೇ ನಂಬರಿನ ಎರಡು ಜೋಡಿ ಇದ್ದವು, ಹೊಸವೇ. ಮದುವೆ ಮನೆಗೆ, ಕಾಲೇಜಿಗೆ ಆಗುವಂಥವು.

"ಇಲ್ಲ ಕಣಯ್ಯ. ಮೈಸೂರಿಗೆ ಹೋಗು. ತಗೊಳ್ಳೋ ಮುಂಚೆ ಬೂಟಿನ ನಾಲಗೆ ಒಳಗೆ ಅಚ್ಚು ಹಾಕಿರೋ, ಅದು ತಯಾರಾದ ತಿಂಗಳು, ವರ್ಷ ನೋಡು."

ಅವನು ತಲೆಯಾಡಿಸಿ, ಗಲ್ಲಾದ ಪಕ್ಕದ ಬೂಟನ್ನು ಎತ್ತಿಕೊಂಡ. ನಾಲಗೆ ಮಡಚಿ ಅಚ್ಚು ಹುಡುಕಿದ, ಬೆರಳಿಟ್ಟು ಓದಿದ. ಆಮೇಲೆ ನನ್ನ ಮುಖ ನೋಡದೆ ಅದನ್ನು ಇದ್ದ ಜಾಗದಲ್ಲೇ ಇಟ್ಟು, ಮೈಸೂರು ಬಸ್ಸಿಗೆ ಹೊರಟ.