ನೈಫಿನ ಫರ್ ಅಂಗಡಿಯಿಂದ ಒಂದು ನದಿಗೆ

ಫರ್ ಕೋಟನ್ನು ಕೊಡವಿದರೆ ಧಪ್ ಎಂದು ಮೆತ್ತನೆಯ ಸದ್ದು ಬರುತ್ತದೆ, ಪಕ್ಕದ ಕೋಣೆಯಲ್ಲಿ ಯಾರೋ ದಿಂಬು ತಟ್ಟಿದ ಹಾಗೆ. ಗಲ್ಫಿನ ನೈಫ್ ಪೇಟೆಯ ಆ ಅಂಗಡಿಯಲ್ಲಿ ನಮ್ಮ ದಿನ ಶುರುವಾಗುತ್ತಿದ್ದದ್ದೇ ಹಾಗೆ. ಬ್ರಶ್ ಹಾಕಬಾರದು, ಕೊಡವಿದರೇ ಕೂದಲು ಎದ್ದು ನಿಲ್ಲುವುದು. ಹೊರಗೆ ಸುಡುಬಿಸಿಲು. ಒಳಗೆ ಎಸಿಯ ಚಳಿಯಲ್ಲಿ ನಾವಿಬ್ಬರು, ಮಂಗಳೂರಿನ ನಾನು ಮತ್ತು ನನಗಿಂತ ಕಿರಿಯಳಾದ ಉಡುಪಿಯವಳು, ರಷ್ಯಾದಿಂದ ಖರೀದಿಗೆ ಬಂದ ಹೆಂಗಸರಿಗೆ ಕೋಟು ತೊಡಿಸುತ್ತಿದ್ದೆವು. ಅವಳಂತೂ ಕಲಿತ ನಾಲ್ಕು ರಷ್ಯನ್ ಮಾತಿನಲ್ಲೇ ಫುಲ್ ಕಾನ್ಫಿಡೆನ್ಸಿನಿಂದ ಚೌಕಾಶಿ ಮಾಡುವಳು.

ಆಮೇಲೆ ಅವಳ ವೀಸಾ ಮುಗಿಯಲು ಬಂತು. ಕೆನಡಾದಲ್ಲಿ ನರ್ಸ್ ಆಗಿರುವ ಮಗಳು ಬಾ ಬಾ ಎನ್ನುತ್ತಿದ್ದಳು, ಪೇಪರ್ಸ್ ಎಲ್ಲ ರೆಡಿ. ಇವಳಿಗೇ ಮನಸ್ಸಿಲ್ಲ. ಗಿರಾಕಿಯಿಲ್ಲದ, ಮಾತಿಲ್ಲದ ಊರಿನಲ್ಲಿ ದಿನ ದೂಡುವುದು ಹೇಗೆಂಬ ಚಿಂತೆ.

"ಅಲ್ಲಿ ನಾನು ಎಂತ ಮಾಡುದು ಬಾಯಮ್ಮ? ಹಿಮ ಗುಡಿಸುದಾ?" ಎಂದು ನನ್ನನ್ನೇ ಕೇಳುವಳು.

ಒಂದು ಸಂಜೆ ಊರ ನಡುವಿನ ಕ್ರೀಕಿನ ಹಿನ್ನೀರು ದಾಟಲು ಇಬ್ಬರೂ ಅಬ್ರಾ ದೋಣಿಯಲ್ಲಿ ಕುಳಿತಾಗ ನನಗೆ ಕಾನ್ವೆಂಟಿನ ಜಾಗ್ರಫಿ ಕ್ಲಾಸ್ ನೆನಪಾಯಿತು. ಸಿಸ್ಟರ್ ನೀಲಿ ಚಾಕಿನಲ್ಲಿ ಕೆನಡಾದ ನದಿಗಳನ್ನು ಎಷ್ಟು ಚಂದ ಬರೆಯುತ್ತಿದ್ದರು! ನಿನ್ನ ಮಗಳ ಊರಿನ ನದಿಯೇ ಒಂದು ಕಾಲದಲ್ಲಿ ಫರ್ ವ್ಯಾಪಾರದ ರಸ್ತೆಯಾಗಿತ್ತು ಎಂದೆ. ಅಲ್ಲಿಯ ಮೂಲನಿವಾಸಿಗಳು ಬೀವರ್ ಎಂಬ ನೀರುಪ್ರಾಣಿಯನ್ನು ಹಿಡಿದು ಚರ್ಮ ತರುವರು, ವ್ಯಾಪಾರಿಗಳು ಬದಲಿಗೆ ಕಂಬಳಿ, ಕೆಟಲ್ ಕೊಡುವರು. ವ್ಯಾಪಾರಿಗಳ ಆಳುಗಳು ಮರದ ತೊಗಟೆಯ ದೋಣಿಯಲ್ಲಿ ಹಾಡುತ್ತಾ ಹುಟ್ಟು ಹಾಕಿ ದಟ್ಟ ಕಾಡು ದಾಟುವರು. ನೀರು ಧುಮುಕುವಲ್ಲಿ ಮೂಟೆಯನ್ನೂ ದೋಣಿಯನ್ನೂ ಹೊತ್ತು ನಡೆಯುವರು. ದಾರಿಯಲ್ಲಿ ಎಷ್ಟು ಸಲ ಪೈಪ್ ಸೇದಲು ನಿಂತೆವು ಎನ್ನುವುದೇ ಅವರಿಗೆ ದೂರದ ಅಳತೆ. ಕೊನೆಗೆ ಆ ಕೂದಲೆಲ್ಲ ಯುರೋಪಿನ ಗಂಡಸರ ಟೋಪಿ.

ದಡದಲ್ಲಿ ಮರದ ಹಡಗುಗಳಿಗೆ ಫ್ರಿಜ್ಜು, ಟಯರು ಏರಿಸುತ್ತಿದ್ದರು. ಅವಳು ಅದನ್ನೇ ನೋಡುತ್ತಾ ಕೇಳಿದಳು, "ಒಂದು ಕೆಟಲಿಗೆ ಎಷ್ಟು ಚರ್ಮ?"

ಸಿಸ್ಟರ್ ಅದನ್ನು ಹೇಳಿಕೊಡಲಿಲ್ಲ ಎಂದೆ.

"ಅದೇ ಅಲ್ವಾ ಮಾರಾಯ್ರೆ ಮುಖ್ಯ? ಕಾನ್ವೆಂಟಿನಲ್ಲಿ ಮತ್ತೆ ಎಂತ ಕಲಿಸಿದ್ದು ನಿಮಗೆ?" ದೋಣಿ ದಡ ಮುಟ್ಟುವವರೆಗೂ ಅವಳು ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದಳು. ಇಳಿಯುವಾಗ ಎಂದಳು, "ಅಷ್ಟು ವ್ಯಾಪಾರ ಆದ ಊರಲ್ಲಿ ಮಾತಾಡುವವರು ಇದ್ದೇ ಇರ್ತಾರೆ. ಕೆಟಲಿನ ರೇಟು ನಾನೇ ಹೋಗಿ ಕೇಳ್ತೇನೆ."

ಆ ವಾರವೇ ಟಿಕೆಟ್ ಮಾಡಿಸಿದಳು.

ಅವಳನ್ನು ನಾನು ಕೊನೆಯದಾಗಿ ನೋಡಿದ್ದು ಏರ್‌ಪೋರ್ಟಿನಲ್ಲಿ. ಎರಡು ಸ್ವೆಟರ್ ಹಾಕಿಕೊಂಡು ಬೆವರುತ್ತಿದ್ದಳು. ನಾನು ಕಣ್ಣೊರೆಸಿಕೊಂಡು ಟಾಟಾ ಮಾಡಲು ಕೈಯೆತ್ತಿದೆ. ಅವಳಿಗೆ ಪುರುಸೊತ್ತಿಲ್ಲ. ಕ್ಯೂನಲ್ಲಿ ಹಿಂದಿದ್ದ, ಗುರುತುಪರಿಚಯವಿಲ್ಲದ ಹೆಂಗಸಿನತ್ತ ತಿರುಗಿ, ಆ ಫರ್ ದೋಣಿಗಳ ಕತೆ ಹೇಳುತ್ತಾ ಎರಡೂ ಕೈಯಲ್ಲಿ ಹುಟ್ಟು ಹಾಕುವಂತೆ ತೋರಿಸುತ್ತಿದ್ದಳು.