ಓದದೇ ಬಿಟ್ಟ ಮೂರು ಸುತ್ತು

ಇಂಥದ್ದನ್ನೆಲ್ಲ ನಂಬದವರಲ್ಲಿ ನಾನೇ ಮೊದಲಿಗ. ಹಂಪಿಯ ಬಂಡೆಗಳ ನಡುವೆ ದೆವ್ವ ಕಂಡೆ ಎಂದವರಿಗೆ, ‘ಅದರ ಜತೆ ಫೋಟೊ ತೆಗೆಸಿಕೊಂಡ್ರಾ?’ ಎಂದು ಕೇಳುತ್ತಿದ್ದೆ. ನಂಬದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಊರಲ್ಲಿ ಹಬ್ಬುವ ಇಂಥ ಕಥೆಗಳಲ್ಲಿ ಅರ್ಧವನ್ನು ಹಬ್ಬಿಸಿದವನೇ ನಾನು. ಆದರೆ ಈಗ ಹೇಳಹೊರಟಿರುವುದು ಬೇರೆ ಥರ. ಇದರಲ್ಲಿ ಸುಳ್ಳು ಹೇಳಿದವನೂ ನಾನೇ, ಹೆದರಿದವನೂ ನಾನೇ.

ಆಗ ನಾನು ಒಂಬತ್ತನೇ ತರಗತಿ. ನಮ್ಮ ಶಾಲೆ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ಅದಿರಿನ ಲಾರಿಗಳ ಸಾಲು ಎಷ್ಟು ಉದ್ದವೆಂದರೆ, ಸಂಡೂರು ಬಿಡುವಾಗ ಮದುವೆಯಾಗದ ಡ್ರೈವರ್ ಹೊಸಪೇಟೆ ಮುಟ್ಟುವಷ್ಟರಲ್ಲಿ ಮಗನ ಜವಳ ಮುಗಿಸಿರುತ್ತಿದ್ದ. ಬಿಳಿ ಅಂಗಿ ತೊಟ್ಟು ಹೋದ ನಾವು ಸಂಜೆ ಕೆಮ್ಮಣ್ಣಿನ ಬೊಂಬೆಗಳಾಗಿ ಮನೆಗೆ ಬರುತ್ತಿದ್ದೆವು. ದುಡ್ಡು ಬಂದವರು ರಸ್ತೆಯುದ್ದಕ್ಕೂ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿಸುತ್ತಿದ್ದರು. ಲಾರಿ ಮಾಲೀಕನದು, ಮಾಲೀಕನ ಮಗನದು, ಮಗನ ನಾಯಿಯದು. (ನಾಯಿಯನ್ನು ಸೇರಿಸಿದ್ದು ನಾನು.)

ನಮ್ಮ ತರಗತಿಯಲ್ಲಿ ಮಾತ್ರ ಹೆಚ್ಚುಕಡಿಮೆ ಎಲ್ಲರೂ ಜೂನ್ ಒಂದಕ್ಕೆ ಹುಟ್ಟಿದವರು. ಶಾಲೆಗೆ ಸೇರಿಸುವಾಗ ಅಪ್ಪಂದಿರು ‘ಮಳಿಗಾಲದಾಗ ಹುಟ್ಯಾನ್ರೀ ಸರ’ ಎನ್ನುವುದು, ಮೇಷ್ಟ್ರು ಜೂನ್ ಒಂದು ಎಂದು ಗೀಚುವುದು. ರಿಜಿಸ್ಟರ್ ನೋಡಿದರೆ ಆ ಒಂದೇ ದಿನ ಊರಿನ ಹೆಂಗಸರೆಲ್ಲ ಸಾಲಾಗಿ ಮಲಗಿ ಹೆತ್ತಿದ್ದಾರೆ.

ಬೆಳಗಿನ ಪ್ರಾರ್ಥನೆಯಲ್ಲಿ ‘ದಿನವಿಶೇಷ’ ಓದುವ ಕೆಲಸ ನನ್ನದು. ಈ ದಿನ ಯಾವ ಮಹನೀಯರು ಹುಟ್ಟಿದರು, ಯಾವ ದೇಶ ಸ್ವತಂತ್ರವಾಯಿತು, ಎಲ್ಲಿ ಯುದ್ಧ ನಿಂತಿತು ಎಂದು ಪುಸ್ತಕದಿಂದ ನನ್ನ ನೋಟ್‌ಬುಕ್ಕಿಗೆ ಬರೆದುಕೊಂಡು, ಗಂಟಲು ಸರಿಮಾಡಿಕೊಂಡು ಓದಬೇಕು. ಇಡೀ ಶಾಲೆ ಬಾಯಿ ಮುಚ್ಚಿ ನನ್ನನ್ನು ನೋಡುವ ಐದು ನಿಮಿಷ ಅದು. ಬಿಟ್ಟುಕೊಡುವ ಮಾತೇ ಇರಲಿಲ್ಲ. ನಿಜವಾದ ಮಹನೀಯರ ಮಧ್ಯೆ ನನ್ನ ಕಡೆಯಿಂದಲೂ ಒಬ್ಬರನ್ನು ಹುಟ್ಟಿಸುತ್ತಿದ್ದೆ. ಯಾರೂ ಹಿಡಿದಿರಲಿಲ್ಲ.

ಬಿಸಿಯೂಟ ಮಾಡುವ ಗಂಗಕ್ಕನ ಮೇಲೆ ನನಗೊಂದು ಸಿಟ್ಟಿತ್ತು. ಅವಳ ಸಾಂಬಾರಿನಲ್ಲಿ ಬೇಳೆ ಹುಡುಕಲು ಡ್ಯಾಮಿನಿಂದ ಮುಳುಗುಗಾರರನ್ನು ಕರೆಸಬೇಕಿತ್ತು. ಅದಕ್ಕೇ ಒಂದು ಬೆಳಿಗ್ಗೆ ಹೀಗೆ ಓದಿದೆ: “ಇಂದು ನಮ್ಮ ಶಾಲೆಯ ಗಂಗಮ್ಮನವರ ಜನ್ಮದಿನ. ಇವರು ಕಂಪ್ಲಿಯ ಹತ್ತಿರ, ತುಂಬಿದ ಹೊಳೆಯ ನಡುವೆ, ಹರಿಗೋಲಿನಲ್ಲಿ ಹುಟ್ಟಿದರು. ಹುಟ್ಟಿದಾಗ ನೋಡಿದ ನೀರನ್ನು ಇವರು ಇವತ್ತಿಗೂ ಸಾಂಬಾರಿನಲ್ಲಿ ಬಿಟ್ಟಿಲ್ಲ.”

ಶಾಲೆಗೆ ಶಾಲೆಯೇ ನಕ್ಕಿತು. ಹೆಡ್ಮಾಸ್ತರು ಮಾತ್ರ ಕಣ್ಣು ಕೆಂಪು ಮಾಡಿದರು. ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲಿತ್ತು: ‘ಮಗು ಅಳಲಿಲ್ಲ, ಅಂಬಿಗ ಹರಿಗೋಲನ್ನು ಮೂರು ಸುತ್ತು ತಿರುಗಿಸಿದ ಮೇಲೆ ಅತ್ತಿತು.’ ಹಂಪಿಗೆ ಬರುವ ವಿದೇಶಿಯರನ್ನು ಹರಿಗೋಲಿನಲ್ಲಿ ಗಿರಗಿರ ತಿರುಗಿಸುವುದನ್ನು ನೋಡಿ ಬರೆದದ್ದು. ಹೆಡ್ಮಾಸ್ತರ ಮುಖ ನೋಡಿ ಅದನ್ನು ಓದದೇ ಇಳಿದೆ. ತರಗತಿಗೆ ಬಂದು ಅಡ್ಡಗೆರೆ ಎಳೆದು ಹೊಡೆದೂ ಹಾಕಿದೆ. ಇದನ್ನು ನೆನಪಿಟ್ಟುಕೊಳ್ಳಿ.

ಮಧ್ಯಾಹ್ನ ತಟ್ಟೆ ಹಿಡಿದು ನಿಂತಾಗ ಗಂಗಕ್ಕ ಸೌಟು ಕೆಳಗಿಟ್ಟಳು. ಸೌಟಿನಿಂದಲೇ ಬೀಳುತ್ತದೆ ಎಂದುಕೊಂಡೆ. ಅವಳು ಹತ್ತಿರ ಬಂದು, ಮೆಲ್ಲಗೆ ಕೇಳಿದಳು:

“ಹೊಳ್ಯಾಗ ಹುಟ್ಟೀನಂತ ನಿನಗ ಯಾರು ಹೇಳಿದ್ರಲೇ?”

“ಪುಸ್ತಕದಾಗ ಐತಿ ಅಕ್ಕಾ,” ಎಂದೆ. ಸಿಕ್ಕಿಬಿದ್ದಾಗ ನನ್ನ ಬಾಯಿ ನನ್ನನ್ನು ಕೇಳದೇ ಮಾತಾಡುತ್ತದೆ.

“ಹುಟ್ಟಿದ ದಿನಾನೂ ಐತಿ?”

“ಐತಿ.”

ಅವಳ ಕಣ್ಣು ತುಂಬಿದವು. ಅವಳು ಎಳೆಗೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳಂತೆ. ಸಾಕಿದವಳು ತಾಯಿಯ ತಂಗಿ, ಕಂಪ್ಲಿಯ ಚಿಗವ್ವ. ಎಲ್ಲಿ ಹುಟ್ಟಿದೆ, ಯಾವತ್ತು ಹುಟ್ಟಿದೆ ಎಂದು ಕೇಳಿದಾಗಲೆಲ್ಲ ಚಿಗವ್ವ ಎದ್ದು ಹೋಗುತ್ತಿದ್ದಳು. ಹರಿಗೋಲು ಹತ್ತಲು ಮಾತ್ರ ಒಮ್ಮೆಯೂ ಬಿಟ್ಟಿರಲಿಲ್ಲ.

“ನಾಯಿ ನರಿದೆಲ್ಲ ಫ್ಲೆಕ್ಸ್ ಹಾಕ್ತಾರ. ನಂಗ ನಮ್ಮವ್ವನ ಸುದ್ದಿ ಒಂದು ಗೊತ್ತಿಲ್ಲ,” ಎಂದಳು ಗಂಗಕ್ಕ. “ಐತಾರ ನನ್ ಜತಿ ಕಂಪ್ಲಿಗೆ ಬರ್ಬೇಕು ನೀ. ಆಕಿ ಮುಂದ ಓದು. ಪುಸ್ತಕದಾಗ ಬಂದದ್ದು ಕೇಳಿದ್ರ ಬಾಯಿ ಬಿಟ್ಟಾಳು.”

ಇಲ್ಲ ಅಂದರೆ ಸುಳ್ಳು ಹೆಡ್ಮಾಸ್ತರರಿಗೆ ಗೊತ್ತಾಗಿ ನನ್ನ ಐದು ನಿಮಿಷ ಹೋಗುತ್ತಿತ್ತು. ಬಸ್ಸಿನಲ್ಲಿ ನಿಜ ಹೇಳಿಬಿಡೋಣ ಎಂದುಕೊಂಡು ಹೊರಟೆ. ಕಮಲಾಪುರದಲ್ಲಿ ಬಾಯಿ ತೆರೆದೆ; ಅವಳು ಅದರೊಳಗೆ ಬಾಳೆಹಣ್ಣು ಇಟ್ಟಳು. ಆಮೇಲೆ ನಿದ್ದೆ ಹೋದೆ. ನೋಟ್‌ಬುಕ್ಕು ಅವಳ ಚೀಲದಲ್ಲಿತ್ತು. ಇದನ್ನೂ ನೆನಪಿಟ್ಟುಕೊಳ್ಳಿ.

ಚಿಗವ್ವ ಬಾಗಿಲಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಗಂಗಕ್ಕ ನೀರು ತರಲು ಒಳಗೆ ಹೋದಳು. ಮುದುಕಿ ನನ್ನನ್ನು ಅಕ್ಕಿಯಲ್ಲಿ ಸಿಕ್ಕ ಕಲ್ಲಿನಂತೆ ನೋಡಿದಳು.

“ಯಾರ್ ಮಗ ಲೇ ನೀ?”

ಹೇಳಿದೆ. ಅಪ್ಪನ ಹೆಸರು, ಅಜ್ಜನ ಹೆಸರು, ಅಜ್ಜನ ಊರು ಎಲ್ಲ ಕೇಳಿದಳು. ಯಾವುದೂ ಕಂಪ್ಲಿಗೆ ತಾಗಲಿಲ್ಲ. ಗಂಗಕ್ಕ ನೀರು ತಂದುಕೊಟ್ಟು, “ಓದು,” ಎಂದಳು. ಮೈಕಿಲ್ಲದೆ ನನ್ನ ದನಿ ಇಷ್ಟು ಸಣ್ಣದು ಎಂದು ಅವತ್ತೇ ಗೊತ್ತಾದದ್ದು. ಹೊಳೆ, ಹರಿಗೋಲು, ದಿನ ಓದಿದೆ. ಸಾಂಬಾರು ನುಂಗಿಕೊಂಡೆ. ನೋಟ್‌ಬುಕ್ಕು ಮುಚ್ಚಿದೆ.

ಅಕ್ಕಿಯ ಮೇಲೆ ಆಡುತ್ತಿದ್ದ ಮುದುಕಿಯ ಬೆರಳು ನಿಂತವು.

“ಮೂರು ಸುತ್ತು ಹಾಕಿದ್ದು ಯಾಕ ಬಿಟ್ಟಿ?” ಎಂದಳು.

ಉತ್ಪ್ರೇಕ್ಷೆ ಮಾಡುತ್ತಿಲ್ಲ, ನನ್ನ ಬಾಯಿ ಬಂದ್ ಆದದ್ದು ಹುಟ್ಟಿದ ಮೇಲೆ ಅದೊಂದೇ ಸಲ.

ಆಮೇಲೆ ಅವಳು ಗಂಗಕ್ಕನಿಗೆ ಹೇಳಿದಳು. ಹೆರಿಗೆನೋವು ಬಂದ ಅಕ್ಕನನ್ನು ದವಾಖಾನೆಗೆ ಕರೆದೊಯ್ಯಲು ಹೊಳೆ ದಾಟುತ್ತಿದ್ದರಂತೆ. ಆಗ ತಾನಿನ್ನೂ ಲಂಗದ ಹುಡುಗಿ. ನಡುಹೊಳೆಯಲ್ಲಿ ಮಗು ಹುಟ್ಟಿತು, ಅಳಲಿಲ್ಲ. ಅಂಬಿಗ ದಿಕ್ಕುಗಾಣದೆ ಹರಿಗೋಲು ತಿರುಗಿಸಿದ. ಒಂದು, ಎರಡು, ಮೂರು. “ಮೂರಕ್ಕ ನೀ ಅತ್ತಿ. ನಾ ಖುಷೀಲೆ ‘ಅಕ್ಕಾ, ಅತ್ತಳು ನೋಡು’ ಅಂತ ತಿರುಗೀನಿ. ಅಕಿ ಇರ್ಲಿಲ್ಲ. ನೀ ಬಂದ ದಿನಾನೇ ಅಕಿ ಹೋದದ್ದು. ನಾಳಿ ನೀ ಹಬ್ಬ ಮಾಡ್ಬೇಕೋ ತಿಥಿ ಮಾಡ್ಬೇಕೋ ಅಂತ ತಿಳೀಲಿಲ್ಲ ನನಗ. ಅದಕ್ಕ ಹೇಳಲಿಲ್ಲವ್ವ.”

ಗಂಗಕ್ಕ ಬಹಳ ಹೊತ್ತು ಅತ್ತಳು. ಕೊನೆಗೆ, “ದಿನ ಅದೇ ಏನು ಚಿಗವ್ವಾ?” ಎಂದಳು. ಮುದುಕಿ ಅವಳನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. “ಅಂವ ಹೇಳ್ಯಾನಲ್ಲ. ಅದಾ.”

ಅಂದಿನಿಂದ ನನ್ನದು ಪೊಲೀಸ್ ಬುದ್ಧಿ. ಪಕ್ಕ ಕೂರುವ ಗೆಳೆಯ ಆ ಸಾಲು ನೋಡಿಲ್ಲ ಎಂದು ತಾಯಾಣೆ ಇಟ್ಟ. ಅವನಿಗೆ ನನ್ನ ಅಕ್ಷರ ಓದಲು ಬಂದಿದ್ದರೆ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದ. ಚಿಕ್ಕಂದಿನಲ್ಲಿ ಕೇಳಿದ್ದೆನೇನೋ ಎಂದು ಅವ್ವನನ್ನು ವಿಚಾರಿಸಿದೆ. “ಕಂಪ್ಲ್ಯಾಗ ನಮಗ್ಯಾರಿಲ್ಲ,” ಎಂದಳು, ಸ್ವಲ್ಪ ಜಲ್ದಿಯಾಗಿಯೇ. ಗಂಗಕ್ಕ ಸಂಬಳಕ್ಕೆ ಹೆಬ್ಬೆಟ್ಟು ಒತ್ತುವವಳು. ಆದರೆ ಒಂದು ದಿನ ನಿಲ್ದಾಣದಲ್ಲಿ ಮೂರು ಬಸ್ಸು ನಿಂತಿದ್ದಾಗ ಕಂಡಕ್ಟರ್ ಕೂಗುವ ಮೊದಲೇ ಸರಿಯಾಗಿ ಕಂಪ್ಲಿ ಬಸ್ಸಿಗೆ ಓಡಿದಳು. “ಬೋರ್ಡ್ ಓದ್ತಿ ಏನು?” ಎಂದೆ. “ಡ್ರೈವರನ ಮುಖ ಓದ್ತೀನಿ,” ಎಂದಳು. ಓದಲು ಬಂದಿತ್ತೆಂದೇ ಇಟ್ಟುಕೊಳ್ಳಿ, ಹೊಡೆದು ಹಾಕಿದ ಸಾಲನ್ನು ಬಸ್ಸಿನಲ್ಲೇ ಓದಿದಳೆಂದೇ ಇಟ್ಟುಕೊಳ್ಳಿ. ಚಿಗವ್ವನಿಗೆ ಹೇಳಿದ್ದು ಯಾವಾಗ? ನಾನು ಓದಿ ಮುಗಿಸುವ ತನಕ ನನ್ನ ಕಣ್ಣೆದುರಿಗೆ ಅವರಿಬ್ಬರೂ ಒಂದು ಮಾತೂ ಆಡಿರಲಿಲ್ಲ.

ಆ ದಿನಾಂಕ ಇಲ್ಲಿ ಬರೆಯುವುದಿಲ್ಲ. ಗಂಗಕ್ಕನ ಮಗಳಿಗೆ ಓದು ಬರುತ್ತದೆ, ಅದಕ್ಕೇ ಹೆಸರನ್ನೂ ಬದಲಿಸಿದ್ದೇನೆ. ಈಗ ನಾನು ಪಿಯುಸಿ. ಪ್ರತಿ ವರ್ಷ ಆ ದಿನ ಅವಳು ಬೆಳಿಗ್ಗೆ ಅವ್ವನ ಹೆಸರಲ್ಲಿ ಎಡೆ ಇಡುತ್ತಾಳೆ, ಸಂಜೆ ನನಗೆ ಪಾಯಸ ಕೊಡುತ್ತಾಳೆ. ಪಾಯಸ ಗಟ್ಟಿಯಾಗಿಯೇ ಇರುತ್ತದೆ.

ರಿಜಿಸ್ಟರಿನಲ್ಲಿ ನನ್ನದೂ ಜೂನ್ ಒಂದೇ. ಮೊನ್ನೆ ಆ ನೋಟ್‌ಬುಕ್ಕು ಸಿಕ್ಕಿತು. ನನ್ನ ಹುಟ್ಟಿನ ಬಗ್ಗೆಯೂ ಒಂದು ಮಸ್ತ್ ಕಥೆ ಕಟ್ಟೋಣವೆಂದು ಪೆನ್ನು ತೆಗೆದೆ. ‘ಈ ದಿನ’ ಎಂದು ಬರೆದೆ. ಅಡುಗೆಮನೆಯಲ್ಲಿ ಅವ್ವ ಏನೋ ತೊಳೆಯುತ್ತಿದ್ದಳು. ಅವಳ ಕೈಯ ಸದ್ದು ನಿಂತಂತಾಯಿತು. ಪೆನ್ನಿಗೆ ಮುಚ್ಚಳ ಹಾಕಿದೆ. ಜೂನ್ ಒಂದೇ ಇರಲಿ.